ಔಷಧ ಅಂಗಡಿಯ ಸಲಹೆಗೆ ಬೆಲೆ ಕಟ್ಟುವವರಾರು?

ಮಳೆಗಾಲ ಬಂತೆಂದರೆ ಔಷಧ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ‘ಜ್ವರಕ್ಕೊಂದು ಮಾತ್ರೆ ಕೊಡಿ’, ‘ಮಗುವಿಗೆ ಕೆಮ್ಮು, ಸಿರಪ್ ಕೊಡಿ’ ಎಂಬ ಕೋರಿಕೆಗಳು ಒಂದರ ಹಿಂದೊಂದು ಬರುತ್ತವೆ. ವೈದ್ಯರ ಶುಲ್ಕ, ಆಸ್ಪತ್ರೆಯ ಸರತಿ, ಕಳೆದುಕೊಳ್ಳುವ ಅರ್ಧ ದಿನದ ಕೂಲಿ ಇವನ್ನೆಲ್ಲ ಲೆಕ್ಕ ಹಾಕುವವರಿಗೆ ಅಂಗಡಿಯ ನೌಕರನೇ ಮೊದಲ ವೈದ್ಯ. ವೈದ್ಯರ ಚೀಟಿಯಿಲ್ಲದೆ ಔಷಧ ಕೊಳ್ಳುವವರನ್ನು ನಾವು ಜರೆಯುತ್ತೇವೆ, ಮಾರುವವರನ್ನು ದೂರುತ್ತೇವೆ. ಆದರೆ ಆ ನೌಕರನ ಇಕ್ಕಟ್ಟನ್ನು ಕುರಿತು ಯೋಚಿಸಿದ್ದು ಕಡಿಮೆ.

ಜ್ವರದ ಮಾತ್ರೆಯನ್ನೇ ನೋಡೋಣ. ಅದು ಡೆಂಗಿ ಜ್ವರವಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ವಾಸಿ. ಆದರೆ ಅದೇ ಪ್ಯಾರಾಸಿಟಮಾಲ್ ಬೇರೆ ಹೆಸರಿನ ನೆಗಡಿ ಮಾತ್ರೆಗಳಲ್ಲಿಯೂ ಇರುತ್ತದೆ. ಎರಡನ್ನೂ ನುಂಗುತ್ತ ಹೋದರೆ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಎಂಬ ಮಿತಿ ಮೀರಿ ಯಕೃತ್ತಿಗೆ ಹಾನಿಯಾಗಬಹುದು. ಕ್ಲೋರ್ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿಯ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಸಿದ್ದಾರೆ. ಆದ್ದರಿಂದ ವಯಸ್ಸೆಷ್ಟು, ಜ್ವರ ಎಷ್ಟು ದಿನದಿಂದ, ಬೇರೆ ಯಾವ ಔಷಧ ನಡೆಯುತ್ತಿದೆ, ಗರ್ಭಿಣಿಯೇ ಎಂದೆಲ್ಲ ವಿಚಾರಿಸಬೇಕು. ಹಿಂದೆ ಹತ್ತು ಮಂದಿ ಕಾಯುತ್ತಿರುವಾಗ, ಎಲ್ಲರಿಗೂ ಕೇಳಿಸುವಂತೆ, ಇದು ಸಾಧ್ಯವೇ? ವಿಚಾರಿಸಿದರೆ ಗ್ರಾಹಕ ಪಕ್ಕದ ಅಂಗಡಿಗೆ ನಡೆಯುತ್ತಾನೆ.

ಕಾನೂನಿನ ಆಸರೆಯೂ ಅಷ್ಟಕ್ಕಷ್ಟೆ. 2015ರ ಫಾರ್ಮಸಿ ವೃತ್ತಿ ನಿಯಮಗಳು ನೋಂದಾಯಿತ ಫಾರ್ಮಸಿಸ್ಟರಿಗೆ ಸಲಹೆ ನೀಡುವ ಹೊಣೆ ವಹಿಸಿವೆ. ಎಷ್ಟೋ ಅಂಗಡಿಗಳಲ್ಲಿ ಅವರ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ. ಮಾತ್ರೆ ಎಣಿಸಿ ಕೊಡುವವರು ಬೇರೆ. ಯಾವ ಔಷಧಗಳಿಗೆ ವೈದ್ಯರ ಚೀಟಿ ಬೇಕೆಂದು ಎಚ್, ಎಚ್1, ಎಕ್ಸ್ ಅನುಸೂಚಿಗಳು ಹೇಳುತ್ತವೆ. ಆದರೆ ಚೀಟಿಯಿಲ್ಲದೆ ಮಾರಬಹುದಾದ ಔಷಧವೆಂಬ ವರ್ಗವನ್ನು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ ವ್ಯಾಖ್ಯಾನಿಸಿಲ್ಲ. ಇಂಥ 16 ಔಷಧಗಳನ್ನು ಹೆಸರಿಸಿದ ಕರಡನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2022ರ ಮೇ ತಿಂಗಳಲ್ಲಿ.

ಸಮಸ್ಯೆಯ ಬೇರು ಅರ್ಥಶಾಸ್ತ್ರದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಚಿಕಿತ್ಸೆಯನ್ನು ಕೊಳ್ಳುವವನಿಗೆ ಮಾರುವವನಷ್ಟು ತಿಳಿವಳಿಕೆ ಇರುವುದಿಲ್ಲ, ಆದ್ದರಿಂದ ಈ ವ್ಯವಹಾರ ನಂಬಿಕೆಯ ಮೇಲೆ ನಿಂತಿದೆ ಎಂದು ಕೆನೆತ್ ಆರೋ 1963ರಲ್ಲಿಯೇ ವಿವರಿಸಿದ್ದರು. ನಮ್ಮಲ್ಲಿ ಆ ನಂಬಿಕೆಗೆ ಸಂಭಾವನೆಯಿಲ್ಲ. 2013ರ ಬೆಲೆ ನಿಯಂತ್ರಣ ಆದೇಶವು ಗರಿಷ್ಠ ಬೆಲೆ ನಿಗದಿಪಡಿಸುವಾಗ ಚಿಲ್ಲರೆ ವ್ಯಾಪಾರಿಗೆ ಶೇ 16ರ ಲಾಭಾಂಶ ಸೇರಿಸುತ್ತದೆ. ಅದು ಕೈಸೇರುವುದು ಮಾರಿದಾಗ ಮಾತ್ರ. ‘ಮಾತ್ರೆ ಬೇಡ, ವೈದ್ಯರನ್ನು ಕಾಣಿ’ ಎಂಬ ಉತ್ತಮ ಸಲಹೆಯಿಂದ ಅಂಗಡಿಗೆ ನಷ್ಟವೇ.

ಆದ್ದರಿಂದ ಅಂಗಡಿಗಳ ಮೇಲಿನ ದಾಳಿಗಳಷ್ಟರಿಂದಲೇ ಇದು ಸರಿಹೋಗದು. ಬ್ರಿಟನ್ 1998ರಲ್ಲಿ ಪ್ಯಾರಾಸಿಟಮಾಲ್ ಪೊಟ್ಟಣವನ್ನು ಸಾಮಾನ್ಯ ಅಂಗಡಿಗಳಲ್ಲಿ 16, ಫಾರ್ಮಸಿಗಳಲ್ಲಿ 32 ಮಾತ್ರೆಗಳಿಗೆ ಸೀಮಿತಗೊಳಿಸಿತು. ಅಲ್ಲಿ ನೌಕರನ ವಿವೇಚನೆಯ ಭಾರವನ್ನು ನಿಯಮವೇ ಒಂದಿಷ್ಟು ಹೊತ್ತಿತು. ನಮ್ಮಲ್ಲಿಯೂ ಔಷಧಗಳ ಪಟ್ಟಿ ಹಾಗೂ ಪ್ರಮಾಣಕ್ಕೆ ಕಾನೂನಿನ ಬಲ ಬೇಕು. ಎಚ್ಚರಿಕೆಗಳು ಕನ್ನಡದಲ್ಲಿಯೂ ಅಚ್ಚಾಗಬೇಕು. ಅಂಗಡಿ ನೌಕರರಿಗೆ ಕಡ್ಡಾಯ ತರಬೇತಿ ಸಿಗಬೇಕು. ಫಾರ್ಮಸಿಸ್ಟರ ಸಲಹೆಗೆ ಸಣ್ಣದೊಂದು ಶುಲ್ಕ ನಿಗದಿಯಾಗಬೇಕು. ಬಡವರಿಗೆ ಅದು ಹೊರೆಯಾದೀತೆಂಬ ಆಕ್ಷೇಪ ನ್ಯಾಯವಾದದ್ದೇ. ಅವರ ಪಾಲನ್ನು ಸರ್ಕಾರ ಭರಿಸಲಿ. ತಪ್ಪು ಮಾತ್ರೆಯಿಂದ ಆಸ್ಪತ್ರೆ ಸೇರಿದವರಿಗೆ ತಗಲುವ ವೆಚ್ಚಕ್ಕಿಂತ ಅದು ಅಗ್ಗವೇ ಆದೀತು.