ಹುದೈಬಿಯಾ: ಕೊಟ್ಟ ಮಾತಿನ ಬೆಲೆ

ಒಪ್ಪಂದವೆಂದರೆ ದುರ್ಬಲರ ಶರಣಾಗತಿ ಎಂದು ನಮ್ಮಲ್ಲಿ ಹಲವರು ಭಾವಿಸುತ್ತಾರೆ. ಬಲ ಕೂಡಿಬರುವವರೆಗೆ ಕಾಲ ತಳ್ಳುವ ತಂತ್ರವೆಂದು ಇನ್ನು ಕೆಲವರು ತಿಳಿಯುತ್ತಾರೆ. ಹುದೈಬಿಯಾದ ಇತಿಹಾಸವು ಈ ಎರಡೂ ಭಾವನೆಗಳನ್ನು ತಿದ್ದುತ್ತದೆ.

ಹಿಜರಿ 6ನೇ ವರ್ಷ, ಅಂದರೆ ಕ್ರಿ.ಶ. 628ರಲ್ಲಿ, ಪ್ರವಾದಿ ಮುಹಮ್ಮದ್(ಸ)ರು ಸುಮಾರು 1,400 ಅನುಚರರೊಂದಿಗೆ ಉಮ್ರಾ ನಿರ್ವಹಿಸಲು ಮದೀನಾದಿಂದ ಹೊರಟರು. ಮಕ್ಕಾದ ಕುರೈಶರು ಪ್ರವೇಶ ನಿರಾಕರಿಸಿದ್ದರಿಂದ ಹುದೈಬಿಯಾದಲ್ಲಿ ಬೀಡುಬಿಡಬೇಕಾಯಿತು. ಕುರೈಶರ ಪರವಾಗಿ ಮಾತುಕತೆಗೆ ಬಂದ ಸುಹೈಲ್ ಬಿನ್ ಅಮ್ರ್, ಒಪ್ಪಂದ ಪತ್ರದಲ್ಲಿ 'ಅಲ್ಲಾಹನ ಸಂದೇಶವಾಹಕ' ಎಂಬ ಪದವನ್ನು ಒಪ್ಪಲಿಲ್ಲ. ಪ್ರವಾದಿ(ಸ)ರು ಅದನ್ನು ತೆಗೆಸಿ 'ಮುಹಮ್ಮದ್ ಬಿನ್ ಅಬ್ದುಲ್ಲಾ' ಎಂದು ಬರೆಸಿದರು. ಹತ್ತು ವರ್ಷಗಳ ಶಾಂತಿಯ ಮುಂದೆ ಪತ್ರದಲ್ಲಿನ ಒಂದು ಬಿರುದಿಗಾಗಿ ಅವರು ಹಟ ಹಿಡಿಯಲಿಲ್ಲ.

ಷರತ್ತುಗಳು ಕಠಿಣವಾಗಿದ್ದವು. ಆ ವರ್ಷ ಉಮ್ರಾ ಇಲ್ಲದೆ ಮರಳಬೇಕು. ಮುಂದಿನ ವರ್ಷ ಮೂರು ದಿನ ಮಾತ್ರ ಮಕ್ಕಾದಲ್ಲಿ ತಂಗಬಹುದು. ಪೋಷಕರ ಅನುಮತಿಯಿಲ್ಲದೆ ಮಕ್ಕಾದಿಂದ ಬಂದವರನ್ನು ಹಿಂದಿರುಗಿಸಬೇಕು. ಮದೀನಾದಿಂದ ಹೋದವರನ್ನು ಕುರೈಶರು ಹಿಂದಿರುಗಿಸಬೇಕಾಗಿಲ್ಲ. ಅಷ್ಟರಲ್ಲೇ ಸುಹೈಲ್‌ರ ಮಗ ಅಬೂ ಜಂದಲ್(ರ) ಸಂಕೋಲೆ ಎಳೆಯುತ್ತಾ ಬಂದು ಮುಸ್ಲಿಮರ ಆಶ್ರಯ ಬೇಡಿದರು. ಅನುಚರರ ಹೃದಯಗಳು ಕಲಕಿದವು. ಹಝ್ರತ್ ಉಮರ್(ರ)ರು ತಮ್ಮ ವೇದನೆಯನ್ನು ಪ್ರಶ್ನೆಗಳಲ್ಲಿ ತೋಡಿಕೊಂಡರು. ಆದರೂ ಪ್ರವಾದಿ(ಸ)ರು ಅಬೂ ಜಂದಲ್‌ರಿಗೆ ಸಹನೆಯನ್ನು ಬೋಧಿಸಿ, ಒಪ್ಪಂದದಂತೆ ಮರಳಿ ಕಳುಹಿಸಿದರು.

ಈ ಒಪ್ಪಂದವನ್ನೇ ಕುರ್‌ಆನಿನ ಅಲ್‌ಫತ್ಹ್ ಅಧ್ಯಾಯವು ಸುಸ್ಪಷ್ಟ ವಿಜಯವೆಂದು ಸಾರಿತು. ಶಾಂತಿ ನೆಲೆಸಿದಾಗ ಜನರು ಪರಸ್ಪರ ಬೆರೆತರು, ಮಾತಾಡಿದರು, ಸತ್ಯವನ್ನು ಹತ್ತಿರದಿಂದ ಕಂಡರು. ಇಸ್ಲಾಮ್ ಸ್ವೀಕರಿಸುವವರ ಸಂಖ್ಯೆ ಬೆಳೆಯಿತು. ಕೊನೆಗೆ ಒಪ್ಪಂದ ಮುರಿದದ್ದು ಎದುರು ಪಕ್ಷದಿಂದ: ಕುರೈಶರ ಮಿತ್ರರಾದ ಬನೂ ಬಕ್ರ್ ಗೋತ್ರದವರು ಮುಸ್ಲಿಮರ ಮಿತ್ರರಾದ ಖುಝಾಆದವರ ಮೇಲೆ ದಾಳಿ ಮಾಡಿದರು, ಕುರೈಶರಲ್ಲಿ ಕೆಲವರು ಅದಕ್ಕೆ ನೆರವಾದರು. ಆದ್ದರಿಂದ ಹುದೈಬಿಯಾವನ್ನು ಕೇವಲ ಚತುರ ತಂತ್ರವೆನ್ನುವುದು ಅದಕ್ಕೆ ಮಾಡುವ ಅನ್ಯಾಯವೆಂದೇ ನಾವು ಭಾವಿಸುತ್ತೇವೆ.

ಇಂದು ನಮ್ಮ ಸ್ಥಿತಿಯೇನು? ಜಮಾಅತಿನ ರಾಜಿಪತ್ರದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಡುತ್ತೇವೆ. ಆಸ್ತಿ ವಿಭಜನೆಗೆ ಸಹಿ ಹಾಕಿದ ಬಳಿಕ ನುಣುಚಿಕೊಳ್ಳುವ ದಾರಿ ಹುಡುಕುತ್ತೇವೆ. ಲಾಭವಿರುವಾಗ ಮಾತು ಉಳಿಸಿಕೊಳ್ಳುವುದು ವ್ಯಾಪಾರ. ನಷ್ಟವಾದರೂ ಉಳಿಸಿಕೊಳ್ಳುವುದು ಈಮಾನ್. ಪ್ರವಾದಿ(ಸ)ರ ಅನುಯಾಯಿಗಳೆಂದು ಹೇಳಿಕೊಳ್ಳುವ ನಾವು ಸಹಿ ಹಾಕುವ ಮೊದಲು ಯೋಚಿಸೋಣ. ಹಾಕಿದ ಮೇಲೆ ಅದಕ್ಕೆ ಬದ್ಧರಾಗೋಣ.