ಹೆಸರಿನ ಜಗಳ, ಹಬ್ಬದ ಹೊಣೆ



ಕಳೆದ ಡಿಸೆಂಬರಿನಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಹಡಪಸರದಲ್ಲಿ ಸೇರಿದಾಗ, ಶುಭಾಶಯ ಪತ್ರದ ಒಂದೇ ಸಾಲು ಒಂದೂವರೆ ಗಂಟೆಯನ್ನು ನುಂಗಿತು. ‘ಕ್ರಿಸ್ತ ಜಯಂತಿ’ ಎಂಬುದೇ ಶುದ್ಧ ಕನ್ನಡವೆಂದು ಒಬ್ಬರು, ಇಲ್ಲಿಯ ಮರಾಠಿಗರಂತೆ ‘ನಾತಾಳ’ ಎನ್ನೋಣವೆಂದು ಇನ್ನೊಬ್ಬರು, ಯಾವ ಮತದ ಹೆಸರೂ ಬೇಡ, ‘ವರ್ಷಾಂತ್ಯದ ಶುಭಾಶಯ’ ಸಾಕೆಂದು ಮತ್ತೊಬ್ಬರು ವಾದಿಸಿದರು. ಬೆಟಗೇರಿಯಿಂದ ಬಂದು ಇಲ್ಲಿ ದಾದಿಯಾಗಿ ದುಡಿದು ನಿವೃತ್ತರಾದ ಕ್ರೈಸ್ತ ಸದಸ್ಯೆಯೊಬ್ಬರು ಅಲ್ಲಿಯೇ ಕುಳಿತಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಭೆ ಮುಗಿದ ಮೇಲೆ ಅವರು ನಗುತ್ತ ಅಂದರು: “ಹೆಸರು ಏನರೆ ಬರೀರಿ ಸರ್, ಹಬ್ಬದ ದಿನ ಮನೀಗೆ ಬರ್ರಿ.” ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ.

ಈ ಜಗಳ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಕ್ರಿಸ್‌ಮಸ್ ಎಂದು ಹೆಸರೆತ್ತಿ ಹಾರೈಸಬೇಕೋ, ‘ಹ್ಯಾಪಿ ಹಾಲಿಡೇಸ್’ ಎಂದರೆ ಸಾಕೋ ಎಂಬುದು ರಾಜಕೀಯದ ಮಾತೇ ಆಗಿದೆ. ನಮ್ಮ ದೇಶದಲ್ಲಿ 2014ರಲ್ಲಿ ಡಿಸೆಂಬರ್ 25ನ್ನು ವಾಜಪೇಯಿಯವರ ಜನ್ಮದಿನದ ನಿಮಿತ್ತ ‘ಸುಶಾಸನ ದಿನ’ವೆಂದು ಸಾರಿದಾಗಲೂ ವಿವಾದವೆದ್ದಿತು. ಕೇಂದ್ರ ಸರಕಾರದ ರಜಾಪಟ್ಟಿಯಲ್ಲಿ ಕ್ರಿಸ್‌ಮಸ್ ಎಂಬ ಹೆಸರು ಹಾಗೆಯೇ ಇದೆ. ಆದರೂ ಅಲ್ಪಸಂಖ್ಯಾತರಿಗೆ ಆದ ಕಸಿವಿಸಿಯನ್ನು ನಾನು ಹಗುರಾಗಿ ಕಾಣಲಾರೆ. ಒಬ್ಬರ ಹಬ್ಬವನ್ನು ಅವರು ಕರೆಯುವ ಹೆಸರಿನಿಂದಲೇ ಕರೆಯುವುದು ಸೌಜನ್ಯದ ಮೊದಲ ಮೆಟ್ಟಿಲು. ಅದು ಮೊದಲನೆಯದು ಮಾತ್ರ, ಕೊನೆಯದಲ್ಲ.

ಹಡಪಸರದಿಂದ ದೌಂಡಿನ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ ಎಂಬ ನಿಲ್ದಾಣವಿದೆ. ಪಂಡಿತಾ ರಮಾಬಾಯಿಯವರ ‘ಮುಕ್ತಿ’ ಸಂಸ್ಥೆ ಇರುವುದು ಅಲ್ಲಿಯೇ. ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿಗಳ ಮಗಳಾಗಿ 1858ರಲ್ಲಿ ಗಂಗಾಮೂಲದಲ್ಲಿ ಹುಟ್ಟಿದ ಆಕೆ ನಮ್ಮ ನೆಲದವರೇ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಶಬ್ದಗಳ ವಿಷಯದಲ್ಲಿ ಆಕೆ ಉದಾಸೀನರಾಗಿರಲಿಲ್ಲ: ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತವೇಕಾಗಬಾರದು ಎಂದು ಅಲ್ಲಿಯ ಗುರುಸ್ಥಾನದವರೊಡನೆಯೇ ವಾದಿಸಿದರು. ಮುಂದೆ ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಲು 1922ರಲ್ಲಿ ತೀರಿಕೊಳ್ಳುವ ತನಕ ದುಡಿದರು. ಆದರೆ 1896-97ರ ಕ್ಷಾಮ ಬಂದಾಗ ಆಕೆ ಮೊದಲು ಹೊರಟದ್ದು ಮಧ್ಯಪ್ರಾಂತ್ಯಕ್ಕೆ, ಹಸಿದ ವಿಧವೆಯರನ್ನೂ ಅನಾಥ ಹೆಣ್ಣುಮಕ್ಕಳನ್ನೂ ಕರೆತರುವುದಕ್ಕೆ. 1900ರ ಹೊತ್ತಿಗೆ ಕೇಡಗಾಂವದ ಆಶ್ರಯದಲ್ಲಿ ಸಾವಿರಕ್ಕೂ ಮಿಕ್ಕಿ ಜನರಿದ್ದರು. ಶಬ್ದದ ಕಾಳಜಿಯೂ ಅನ್ನದ ಕಾಳಜಿಯೂ ಆಕೆಯಲ್ಲಿ ಒಂದೇ ಬೇರಿನವು: ಹೊರಗೆ ಉಳಿದವರನ್ನು ಒಳಗೆ ಕರೆಯುವುದು.

ನಾನು ಕ್ರೈಸ್ತನಲ್ಲ. ಆದರೂ ಲೂಕನ ಸುವಾರ್ತೆಯನ್ನು ಓದಿದ್ದೇನೆ. ಅಲ್ಲಿ ಡಿಸೆಂಬರ್ 25 ಎಂಬ ತಾರೀಖಿಲ್ಲ. ತುಂಬು ಗರ್ಭಿಣಿಗೆ ಛತ್ರದಲ್ಲಿ ಸ್ಥಳ ಸಿಗಲಿಲ್ಲವೆಂಬ ಸಂಗತಿಯಿದೆ. ಆ ಧರ್ಮದ ಆದ್ಯತೆ ಎಲ್ಲಿದೆಯೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕೇ? ಪರನಾಡಿನಲ್ಲಿ ಬಾಡಿಗೆ ಮನೆಗಾಗಿ ಅಲೆದ ನಮಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟೇ. ಈ ವರ್ಷ ಶುಭಾಶಯದ ಆ ಸಾಲನ್ನು ನಮ್ಮ ಕ್ರೈಸ್ತ ಸದಸ್ಯರೇ ಬರೆಯಲಿ. ನಾವು ಅಕ್ಷರ ತಿದ್ದದೆ ಅಚ್ಚು ಹಾಕಿಸೋಣ. ಉಳಿದ ಒಂದೂವರೆ ಗಂಟೆಯಲ್ಲಿ ಬೆಟಗೇರಿಯ ಆ ತಾಯಿಯ ಮನೆಗೆ ಹೋಗಿಬರೋಣ. ನಾನಂತೂ ಹೋಗುವವನಿದ್ದೇನೆ.