ಬದುವಿನ ಮೇಲಿನ ಫೋಟೋ

ಮಗನ ಒತ್ತಾಯಕ್ಕೆ ಮಣಿದು ಬಾಲಿ ದ್ವೀಪಕ್ಕೆ ಹೋಗಿಬಂದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. "ಮೇಷ್ಟ್ರೇ, ಫೋಟೋ ಹಾಕಿ" ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಲೇ ಇದ್ದಾರೆ. ಹಾಕುವುದಿಲ್ಲ. ಕಾರಣ ಹೇಳುತ್ತೇನೆ.

ಜತಿಲುವಿಹ್ ಎಂಬ ಊರಿನ ಮೆಟ್ಟಿಲು ಗದ್ದೆಗಳನ್ನು ನೋಡಲು ಹೋದಾಗ ಅಲ್ಲಿ ಕೊಯ್ಲು ನಡೆದಿತ್ತು. ಇಳಿಜಾರಿನುದ್ದಕ್ಕೂ ಹೊಂಬಣ್ಣ. ನಮ್ಮ ದೇಶದವರೇ ಆದ ಯುವಕರ ಗುಂಪೊಂದು ಬದುವಿನ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಒಬ್ಬಾತ ಇನ್ನೂ ಚೆನ್ನಾಗಿ ಕಾಣಲೆಂದು ಗದ್ದೆಯೊಳಗೇ ಇಳಿದ. ಬಾಗಿದ ತೆನೆಗಳು ಕಾಲಡಿಗೆ ಸಿಕ್ಕವು. ಪಕ್ಕದಲ್ಲೇ ಕೊಯ್ಯುತ್ತಿದ್ದ ವೃದ್ಧೆ ತಲೆಯೆತ್ತಿ ನೋಡಿದರು, ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ನಲವತ್ತು ವರ್ಷ ಮಕ್ಕಳನ್ನು ಗದರಿದ ಬಾಯಿ ಅಂದು ಕಟ್ಟಿಹೋಯಿತು.

'ಪ್ರಕೃತಿ ಸೌಂದರ್ಯ' ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಪ್ರಕೃತಿ ಅಲ್ಲಿ ಕೊಟ್ಟದ್ದು ಗುಡ್ಡ ಮತ್ತು ನೀರು. ಮಿಕ್ಕುದೆಲ್ಲ ಮನುಷ್ಯರ ಬೆವರು. 'ಸುಬಕ್' ಎಂಬ ರೈತರ ನೀರಿನ ಕೂಟಗಳು ಸುಮಾರು ಸಾವಿರ ವರ್ಷಗಳಿಂದ ನೀರಿನ ಸರದಿಯನ್ನೂ ನಾಟಿಯ ಕಾಲವನ್ನೂ ಕೂಡಿ ನಿರ್ಣಯಿಸುತ್ತ ಬಂದಿವೆ. 1970ರ ದಶಕದಲ್ಲಿ ಹೆಚ್ಚಿನ ಇಳುವರಿಯ ಹಂಬಲದಲ್ಲಿ ಈ ಸರದಿಯನ್ನು ಬದಿಗೊತ್ತಿದಾಗ ನೀರು ಸಾಲದಾಯಿತು, ಕೀಟಗಳು ಮುತ್ತಿದವು. ಒಂದು ಸೀಮೆಯ ಗದ್ದೆಗಳೆಲ್ಲ ಒಟ್ಟಿಗೆ ಬರಿದಾದರೆ ಕೀಟಗಳಿಗೆ ಆಹಾರವಿರದೆಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರು ಅನಂತರ ವಿವರಿಸಿದರು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ವ್ಯವಸ್ಥೆಯನ್ನೇ.

"ಪ್ರವಾಸಿಗರಿಂದ ಅವರಿಗೇ ಲಾಭವಲ್ಲವೇ ಅಪ್ಪ?" ಎಂದ ಮಗ. ಟಿಕೆಟ್ಟಿನ ಹಣದಲ್ಲಿ ಊರಿಗೂ ಪಾಲುಂಟು, ಒಪ್ಪಿದೆ. ಆದರೆ ಭತ್ತಕ್ಕಿಂತ ಹೋಟೆಲಿಗೆ ನೆಲ ಹೆಚ್ಚು ಬೆಲೆ ತರುವಾಗ ಗದ್ದೆ ಎಷ್ಟು ದಿನ ಉಳಿದೀತು? ನೋಡಬಂದವರೇ ನೋಟವನ್ನು ನುಂಗುತ್ತೇವೆ.

ಪರರನ್ನು ದೂರಿದ್ದು ಸಾಕು. ಮಲೆನಾಡಿನ ನಮ್ಮ ಗದ್ದೆಗಳೂ ಮೆಟ್ಟಿಲುಗಳೇ ಆಗಿದ್ದವು. ತಂದೆಯವರು ಪ್ರತಿವರ್ಷ ಮಳೆಗೆ ಮುನ್ನ ಬದುಗಳನ್ನು ಸರಿಪಡಿಸುತ್ತಿದ್ದರು. ಪಾಲಾದ ಮೇಲೆ ಅಣ್ಣ ಅಡಿಕೆ ಹಾಕಿದ. ನನ್ನ ಪಾಲು ಹತ್ತು ವರ್ಷ ಪಾಳುಬಿತ್ತು. ವಿಮಾನಕ್ಕೆ ಹಣ ತೆತ್ತ ನಾನು ಆ ಬದುವಿಗೆ ಒಂದು ಬುಟ್ಟಿ ಮಣ್ಣು ಹಾಕಿಸಿರಲಿಲ್ಲ.

ಹೋಗಬೇಡಿ ಎನ್ನುವುದಿಲ್ಲ. ಹೋಗಿ, ಕಾಲುದಾರಿ ಬಿಟ್ಟು ಇಳಿಯಬೇಡಿ, ಅಲ್ಲಿಯ ಕೆಂಪಕ್ಕಿಯನ್ನು ಬೆಳೆದವರಿಂದಲೇ ಕೊಳ್ಳಿರಿ. ಮರಳಿದ ಮೇಲೆ ನಿಮ್ಮೂರ ಗದ್ದೆ ಏನಾಯಿತೆಂದು ವಿಚಾರಿಸಿರಿ. ನನ್ನ ಪಾಲನ್ನು ಈ ವರ್ಷ ನೆರೆಯವರೊಡನೆ ಸೇರಿ ನಾಟಿ ಮಾಡಿಸಿದ್ದೇನೆ. ಫೋಟೋ ಬೇಕಾದವರು ಕೊಯ್ಲಿಗೆ ಬನ್ನಿರಿ. ಕುಡುಗೋಲು ನಾನೇ ಕೊಡುತ್ತೇನೆ.